ಗಾಮಾ ಸ್ಫೋಟದ ಉಳಿಬೆಳಕು: ಮೊದಲ ಒಂದು ಗಂಟೆ

ಕೇಳುಗರಿಗೆ ನಮಸ್ಕಾರ.

ದೂರದ ಆಕಾಶದಲ್ಲಿ ಥಟ್ಟನೆ ಹೊಮ್ಮುವ ಗಾಮಾ ಕಿರಣಗಳ ಸ್ಫೋಟ ಕೆಲವು ಸೆಕೆಂಡುಗಳದ್ದು, ಹೆಚ್ಚಿನಂಶ ಒಂದೆರಡು ನಿಮಿಷದೊಳಗೆ ಮುಗಿದೇಹೋಗುತ್ತದೆ. ಆದರೆ ಅದು ಚಿಮ್ಮಿಸಿದ ದ್ರವ್ಯ ಹೆಚ್ಚೂಕಡಿಮೆ ಬೆಳಕಿನ ವೇಗದಲ್ಲಿ ಸುತ್ತಲಿನ ಅನಿಲಕ್ಕೆ ಅಪ್ಪಳಿಸಿ, ಎಕ್ಸ್‌ರೇಯಿಂದ ರೇಡಿಯೊ ಅಲೆಗಳವರೆಗೆ ಬೆಳಗುತ್ತದೆ. ಈ ಉಳಿಬೆಳಕೇ ಆಫ್ಟರ್‌ಗ್ಲೋ. ದೃಗ್ಗೋಚರ ಬೆಳಕಿನಲ್ಲಿ ಅದು ಮೊದಲು ಸಿಕ್ಕಿದ್ದು 1997ರ ಫೆಬ್ರವರಿ 28ರ ಸ್ಫೋಟದಲ್ಲಿ. ಅದೇ ವರ್ಷ ಮೇ 8ರ ಸ್ಫೋಟದ ರೋಹಿತ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಅದರ ಬೆಳಕು, ಇದು ಶತಕೋಟಿಗಟ್ಟಲೆ ಜ್ಯೋತಿರ್ವರ್ಷಗಳಾಚೆಯ ಘಟನೆಯೆಂದು ತೋರಿಸಿಕೊಟ್ಟಿತು.

ಈ ಬೆಳಕನ್ನು ಬೆನ್ನಟ್ಟುವವರಿಗೆ ಒಂದು ಲೆಕ್ಕ ಬಾಯಿಪಾಠವಾಗಿರಬೇಕು. ಸ್ಫೋಟದಿಂದೀಚಿನ ಕಾಲ ಹತ್ತುಪಟ್ಟಾದರೆ ಬೆಳಕು ಸುಮಾರು ಹತ್ತನೇ ಒಂದು ಪಾಲಿಗೆ, ಅಂದರೆ ಎರಡೂವರೆ ಕಾಂತಿಮಾನದಷ್ಟು ಕುಗ್ಗುತ್ತದೆ. ಕಾಂತಿಮಾನ ಹೊಳಪಿನ ಅಳತೆ, ಅಂಕೆ ಹೆಚ್ಚಿದಷ್ಟೂ ಮಂಕು. ಎಷ್ಟೋ ಸಲ ತುಸು ಹೆಚ್ಚೇ. ಹತ್ತನೇ ನಿಮಿಷದಲ್ಲಿ 16 ಇದ್ದದ್ದು ನೂರನೇ ನಿಮಿಷಕ್ಕೆ 18.5, ಮರುರಾತ್ರಿಗೆ 21ನ್ನೂ ದಾಟಿರುತ್ತದೆ. 30 ಸೆಂಟಿಮೀಟರ್ ದೂರದರ್ಶಕಕ್ಕೆ ಮೊದಲನೆಯದು ಸಲೀಸು, ಎರಡನೆಯದು ಹತ್ತಾರು ಚಿತ್ರಗಳನ್ನು ಕೂಡಿಸಿದರೆ ಸಿಕ್ಕೀತು, ಮೂರನೆಯದು ಕೈಗೆಟುಕದು.

ಸೂಚನೆ ಬರುವುದು ಉಪಗ್ರಹಗಳಿಂದ, ಜಿಸಿಎನ್ ಎಂಬ ಜಾಲದ ಮೂಲಕ. 2004ರಲ್ಲಿ ಹಾರಿದ ಸ್ವಿಫ್ಟ್ ಮೊದಲು ಕೆಲವು ಆರ್ಕ್ ಮಿನಿಟಿನಷ್ಟು (ಆರ್ಕ್ ಮಿನಿಟೆಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು, ಆರ್ಕ್ ಸೆಕೆಂಡು ಅದರ ಅರವತ್ತನೇ ಒಂದು ಪಾಲು) ನಿಖರವಾದ ಸ್ಥಾನ ಕೊಡುತ್ತದೆ, ಆಮೇಲೆ ಅದರ ಎಕ್ಸ್‌ರೇ ದೂರದರ್ಶಕ ಅದನ್ನು ಕೆಲವೇ ಆರ್ಕ್ ಸೆಕೆಂಡಿಗೆ ಇಳಿಸುತ್ತದೆ. ಎರಡನೆಯದಕ್ಕೆ ಕಾಯಬೇಡಿ. ಮೊದಲ ಸ್ಥಾನ ನಿಮ್ಮ ಕ್ಯಾಮೆರಾದ ಚೌಕಟ್ಟಿನೊಳಗೆ ಹಿಡಿಸುತ್ತದೆಂದರೆ ತಕ್ಷಣ ತಿರುಗಿಸಿ.

ಇಲ್ಲೇ ಕಾಲು ಜಾರುವುದು. ಸೂಚನೆಯಲ್ಲಿನ ನಿರ್ದೇಶಾಂಕ 2000ನೇ ಇಸವಿಯದ್ದೋ ಇಂದಿನದ್ದೋ ನೋಡಿಕೊಳ್ಳಿ. ಭೂಮಿಯ ಅಕ್ಷದ ಓಲಾಟದಿಂದ ಇವೆರಡರ ನಡುವಿನ ಅಂತರ ವರ್ಷಕ್ಕೆ ಸುಮಾರು 50 ಆರ್ಕ್ ಸೆಕೆಂಡಿನಂತೆ ಬೆಳೆದು, 25 ವರ್ಷಕ್ಕೆ 21 ಆರ್ಕ್ ಮಿನಿಟಿನವರೆಗೂ ಆಗಬಹುದು. ಚೌಕಟ್ಟು 15 ಆರ್ಕ್ ಮಿನಿಟಿನದಾದರೆ ರಾತ್ರಿಯಿಡೀ ಸೊಗಸಾದ ಚಿತ್ರ ತೆಗೆದರೂ ಅದು ಬೇರೆಯೇ ಆಕಾಶ.

ಮೊದಲ ಚಿತ್ರಗಳು ಹತ್ತು ಸೆಕೆಂಡಿನವಿರಲಿ, ಕೆಲವು ನಿಮಿಷದ ನಂತರ ಅರವತ್ತು ಸೆಕೆಂಡಿಗೆ ಹೋಗಿ. ಆರಂಭದಲ್ಲೇ ಹತ್ತು ನಿಮಿಷದ ಒಂದೇ ಎಕ್ಸ್‌ಪೋಷರ್ ಕೊಟ್ಟರೆ ಏರಿಳಿತವೆಲ್ಲ ಕಲಸಿಹೋಗುತ್ತದೆ. ಬಿಡಿ ಚಿತ್ರಗಳನ್ನು ಆಮೇಲೆ ಕೂಡಿಸಬಹುದು, ಕೂಡಿಹೋದದ್ದನ್ನು ಬಿಡಿಸಲಾಗದು. ಫಿಲ್ಟರ್ ಇಲ್ಲದಿದ್ದರೆ ಬೆಳಕೇನೋ ಹೆಚ್ಚು ಸಿಗುತ್ತದೆ, ಆದರೂ ಕೆಂಪು ಬೆಳಕನ್ನಷ್ಟೇ ಬಿಡುವ ಆರ್ ಫಿಲ್ಟರೇ ಮೇಲು. ಅದರ ಅಳತೆಯನ್ನು ಬೇರೆಯವರ ಅಳತೆಯ ಪಕ್ಕ ಇಡಬಹುದು. ಪ್ರತಿ ಚಿತ್ರಕ್ಕೂ ದೂರದರ್ಶಕವನ್ನು ಹತ್ತಿಪ್ಪತ್ತು ಆರ್ಕ್ ಸೆಕೆಂಡು ಸರಿಸಿ. ಬೆಳಕು ಬೀಳದಿದ್ದರೂ ಚುಕ್ಕೆಯಂತೆ ಹೊಳೆಯುವ ಕ್ಯಾಮೆರಾದ ಹಾಟ್ ಪಿಕ್ಸೆಲ್ ಇದ್ದಲ್ಲೇ ನಿಲ್ಲುತ್ತದೆ, ನಕ್ಷತ್ರಗಳು ಸರಿಯುತ್ತವೆ, ಮೋಸ ಬಯಲಾಗುತ್ತದೆ.

ಪಾನ್-ಸ್ಟಾರ್ಸ್‌ನಂಥ ಹಳೆಯ ಆಕಾಶ ಸಮೀಕ್ಷೆಯ ಚಿತ್ರದಲ್ಲಿಲ್ಲದ ಚುಕ್ಕೆಯೊಂದು ಕಂಡಿತೆನ್ನಿ. ಅದು ಕ್ಷುದ್ರಗ್ರಹವೂ ಆಗಿರಬಹುದು, ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯನ ಹಾದಿಯ) ಸಮೀಪವಾದರೆ ಇನ್ನೂ ಅನುಮಾನಿಸಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಜಾಗ ಬಿಡದೆ ಮಂಕಾಗಿದ್ದರೆ ಅದೇ ಒಳ್ಳೆಯ ಗುರುತು.

ವರದಿಯಲ್ಲಿ ಎಕ್ಸ್‌ಪೋಷರಿನ ನಡುಹೊತ್ತನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆಯಿರಿ. ಫಿಲ್ಟರ್, ದೋಷಮಿತಿ, ಹೋಲಿಸಿದ ನಕ್ಷತ್ರಪಟ್ಟಿ ಇರಲಿ. ಕಾಂತಿಮಾನದ ಸೊನ್ನೆಯನ್ನು ಗೊತ್ತುಮಾಡುವ ಪದ್ಧತಿಗಳು ಎರಡು, ನಿಮ್ಮದು ವೇಗಾ ಪದ್ಧತಿಯದೋ ಎಬಿ ಪದ್ಧತಿಯದೋ ಹೇಳದಿದ್ದರೆ ಆರ್ ಫಿಲ್ಟರಿನಲ್ಲೇ ಸುಮಾರು 0.2ರಷ್ಟು ಗೊಂದಲವಾಗುತ್ತದೆ.

ಏನೂ ಕಾಣದಿದ್ದರೂ ಎಷ್ಟನೇ ಕಾಂತಿಮಾನದವರೆಗೆ ನೋಡಿದಿರೆಂದು ತಿಳಿಸಿ. ದಟ್ಟ ಧೂಳು ಬೆಳಕನ್ನು ತಡೆದಿರಬಹುದು. ಅಥವಾ ಸ್ಫೋಟ ಅತಿ ದೂರದ್ದಿರಬಹುದು: ಕೆಂಪುಪಲ್ಲಟ (ಬ್ರಹ್ಮಾಂಡ ಹಿಗ್ಗಿ ಬೆಳಕಿನ ತರಂಗ ಎಷ್ಟು ಉದ್ದವಾಯಿತೆಂಬ ಅಳತೆ) 6 ಆದರೆ, ಸುಮಾರು 8500 ಆಂಗ್‌ಸ್ಟ್ರಾಮಿಗಿಂತ (850 ನ್ಯಾನೊಮೀಟರಿಗಿಂತ) ಚಿಕ್ಕ ತರಂಗಗಳನ್ನು ದಾರಿಯಲ್ಲಿನ ಹೈಡ್ರೋಜನ್ ನುಂಗಿಬಿಡುತ್ತದೆ, ಆರ್ ಫಿಲ್ಟರಿಗೆ ಏನೂ ಉಳಿಯದು. “ಹದಿನೈದನೇ ನಿಮಿಷದಲ್ಲಿ, 19ರವರೆಗೆ ಏನೂ ಇಲ್ಲ” ಎಂಬ ಒಂದು ಸಾಲು ಬೇಗ ತಲುಪಿದರೆ, ದೊಡ್ಡ ದೂರದರ್ಶಕದವರು ಇನ್‌ಫ್ರಾರೆಡ್ ಕ್ಯಾಮೆರಾವನ್ನು ಆ ಕಡೆ ತಿರುಗಿಸಲು ಇನ್ನೂ ಸಮಯವಿರುತ್ತದೆ.