ಮಹಿಷಾಸುರನ ಪಕ್ಕ ಕೂತ ಮಾವ

ಈ ಫೋಟೋದಲ್ಲಿ ಇಬ್ಬರಿದ್ದಾರೆ. ಬನಿಯನ್ ಹಾಕಿಕೊಂಡು, ಕನ್ನಡಿ ಹಿಡಿದು ಪೆಟ್ಟಿಗೆಯ ಮೇಲೆ ಕೂತವರು ಒಬ್ಬರು. ಪಕ್ಕದಲ್ಲಿ ಕೋಡು ಕಟ್ಟಿಕೊಂಡು ನಿಂತ ಮಹಿಷಾಸುರ ಇನ್ನೊಬ್ಬ. ಆದರೆ ಆಸಾಮಿ ಒಬ್ಬರೇ. ಯಕ್ಷಗಾನದ ತೆಂಕುತಿಟ್ಟು ಶೈಲಿಯಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸರಂಥ ಪಾತ್ರ ಮಾಡುವವರು, ನಾನು ಮಾವ ಅಂತ ಕರೆಯುವವರು. ಎರಡು ಕ್ಲಿಕ್ ನಡುವೆ ನಾಲ್ಕು ಗಂಟೆ ಕಳೆದಿದೆ.

ಈ ಚಮತ್ಕಾರ ಹೊಸದೇನಲ್ಲ. ಇಂಗ್ಲೆಂಡಿನಲ್ಲಿದ್ದ ಆಸ್ಕರ್ ರೈಲ್ಯಾಂಡರ್ 1857ರಲ್ಲೇ 30ಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ಚಿತ್ರ ಮಾಡಿದ್ದ. ಆಮೇಲೆ ಒಂದೇ ಫೋಟೋದಲ್ಲಿ ತಾನೇ ಎರಡು ಸಲ ಬಂದ. ಒಂದು ಕಡೆ ಕಲಾವಿದ, ಇನ್ನೊಂದು ಕಡೆ ಸಮವಸ್ತ್ರ ತೊಟ್ಟವ. ಅವನಿಗೆ ಸ್ಟುಡಿಯೋ ಇತ್ತು. ನನಗಿದ್ದದ್ದು ಬಯಲಾಟದ ಚೌಕಿ, ವೇಷ ಕಟ್ಟುವ ಜಾಗ.

ಚೌಕಿಯಲ್ಲಿ ಒಂದು ಅನುಕೂಲ ಇದೆ. ಹಗಲಾದರೆ ನಾಲ್ಕು ಗಂಟೆಯಲ್ಲಿ ನೆರಳು ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಇಲ್ಲಿ ರಾತ್ರಿಯಿಡೀ ಅದೇ ಟ್ಯೂಬ್‌ಲೈಟ್. ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲ ಮ್ಯಾನುಯಲ್‌ಗೆ ಹಾಕಿದೆ. ಶಟರ್ 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಜ್, ಬೆಳಕು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ವೇಗ ಜಾಸ್ತಿ ಮಾಡಿದರೆ ಒಂದೊಂದು ಫ್ರೇಮಿನ ಬಣ್ಣ ಒಂದೊಂದು ಥರ ಬರುತ್ತದೆ.

ಬರಿಮುಖದ ಫೋಟೋ ಮೊದಲು. ಆದರೆ ಮಾವ ಯಾರನ್ನು ನೋಡಬೇಕು? ಮಹಿಷಾಸುರ ಇನ್ನೂ ಹುಟ್ಟಿಲ್ಲವಲ್ಲ! ಒಂದು ಕೋಲಿಗೆ ಬೈರಾಸು (ಟವೆಲ್) ಕಟ್ಟಿ, ಕಿರೀಟದ ಅಂದಾಜಿನಲ್ಲಿ ಎತ್ತರಕ್ಕೆ ನಿಲ್ಲಿಸಿದೆ. ಮಾವ ನಕ್ಕರು.

"ಎಂಥ ಮಾರಾಯ, ಕಿರೀಟ ಇಟ್ಟರೆ ಕಣ್ಣೂ ಮೇಲೆ ಹೋಗುತ್ತದಾ? ಕೆಳಗೆ ಕಟ್ಟು."

ಕೋಡಿನ ಅಗಲಕ್ಕೂ ಜಾಗ ಬಿಡಬೇಕಿತ್ತು. ಇಲ್ಲದಿದ್ದರೆ ಮಹಿಷಾಸುರನ ಕೋಡು ಮಾವನ ಕೆನ್ನೆಗೇ ಚುಚ್ಚುತ್ತದೆ, ಅಲ್ವಾ? ಹಾಗಾಗಿ ಅವರನ್ನು ಪೆಟ್ಟಿಗೆಯ ತುದಿಗೆ ಸರಿಸಿ ಕೂರಿಸಿದೆ. ಮೂರು ಕ್ಲಿಕ್. ಆಮೇಲೆ ಯಾರೂ ಇಲ್ಲದ ಖಾಲಿ ಫ್ರೇಮ್ ಒಂದು.

ನಾಲ್ಕು ಗಂಟೆ ಟ್ರೈಪಾಡ್ ಅಲ್ಲೇ ಬಿಡುವ ಹಾಗಿಲ್ಲ, ಎಲ್ಲರೂ ಓಡಾಡುವ ದಾರಿ. ಅದರ ಮೂರು ಕಾಲು ಊರಿದ ಜಾಗಕ್ಕೆ ಟೇಪ್ ಅಂಟಿಸಿ ಎತ್ತಿಟ್ಟೆ.

ಇನ್ನು ಮುಖದ ಮೇಲೆ ಚುಟ್ಟಿ ಇಡುವ ಕೆಲಸ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿ ಪಾಕ. ಕಡ್ಡಿಯ ತುದಿಯಲ್ಲಿ ಚೂರೇ ಚೂರು ತೆಗೆದು ಮುಖಕ್ಕೆ ಮುಟ್ಟಿಸುತ್ತಾರೆ, ಮೆಲ್ಲನೆ ಎಳೆಯುತ್ತಾರೆ. ಸಣ್ಣ ಮುಳ್ಳಿನ ಹಾಗೆ ನಿಲ್ಲುತ್ತದೆ. ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮಾವ ಒಂದು ಮಾತೂ ಆಡಲಿಲ್ಲ. ನಕ್ಕರೆ ಚುಟ್ಟಿ ಬಿರುಕು ಬಿಡುತ್ತದೆ. ನಾನು ಸುಮ್ನೆ ಕೂತು ನೋಡಿದೆ. ಮಧ್ಯೆ ಎರಡು ಸಲ ತೂಕಡಿಸಿದೆ ಕೂಡ.

ಹೊರಗೆ ಚೆಂಡೆ ಏರಿತು. ರಂಗಕ್ಕೆ ಹೋಗಲು ಐದು ನಿಮಿಷ ಇದೆ ಎಂದರು. ಓಡಿ ಹೋಗಿ ಟೇಪ್ ಗುರುತಿನ ಮೇಲೆ ಟ್ರೈಪಾಡ್ ಇಟ್ಟೆ. ಫ್ರೇಮ್ ನೋಡಿದರೆ ಎಲ್ಲವೂ ಓರೆ! ನನ್ನ ಬುದ್ಧಿಗೆ ಏನು ಹೇಳಲಿ, ಟೇಪ್ ಅಂಟಿಸಿದ್ದು ನೆಲಕ್ಕಲ್ಲ, ಚಾಪೆಗೆ. ಯಾರೋ ಚಾಪೆ ಎಳೆದುಕೊಂಡು ಕೂತಿದ್ದರು.

ಮೊದಲ ಫೋಟೋ ಫೋನಿನಲ್ಲಿತ್ತು, ಪುಣ್ಯ. ಅದನ್ನು ಕ್ಯಾಮೆರಾ ಪಕ್ಕ ಹಿಡಿದು, ಹಿಂದಿನ ತಗಡಿನ ಮೊಳೆಗಳನ್ನು ಒಂದೊಂದಾಗಿ ಹೊಂದಿಸಿದೆ. ಕೈ ನಡುಗುತ್ತಿತ್ತು. ಮಹಿಷಾಸುರ ಬಂದು ನಿಂತ, ಖಾಲಿ ಪೆಟ್ಟಿಗೆಯ ಕಡೆ ಕಣ್ಣು ಬಿಟ್ಟ. ಎರಡು ಕ್ಲಿಕ್ ಸಿಕ್ಕಿತು, ಅಷ್ಟೇ. ಹೋಗೇಬಿಟ್ಟ.

ಎಡಿಟಿಂಗ್‌ನಲ್ಲಿ ಒಂದರ ಮೇಲೊಂದು ಎರಡು ಫೋಟೋದ ಲೇಯರ್, ಮೇಲಿನದರಲ್ಲಿ ಬೇಡದ ಭಾಗ ಮರೆಮಾಡಲು ಒಂದು ಮಾಸ್ಕ್. ಅದು ಹತ್ತು ನಿಮಿಷದ ಕೆಲಸ. ಒಂದು ಸಂಜೆ ಪೂರ್ತಿ ತಿಂದದ್ದು ನೆರಳು. ಕೋಡಿನ ನೆರಳು ಖಾಲಿ ಪೆಟ್ಟಿಗೆಯ ಮೇಲೆ ಬಿದ್ದಿತ್ತು, ಅದನ್ನು ಕೂತವರ ಭುಜದ ಮೇಲೆ ತರಬೇಕಿತ್ತು.

ಮಾವನಿಗೆ ತೋರಿಸಿದೆ. ಮಹಿಷಾಸುರನನ್ನು ಅವರು ನೋಡಲೇ ಇಲ್ಲ. ಬರಿಮುಖವನ್ನು ಬೆರಳಿನಿಂದ ದೊಡ್ಡದು ಮಾಡಿ ಹತ್ತಿರ ಹಿಡಿದರು.

"ಇಲ್ಲಿ ನೋಡು, ಕಣ್ಣಿನ ಮೂಲೆಯಲ್ಲಿ ಕಾಡಿಗೆ ಉಂಟು. ಮೊನ್ನೆಯ ಆಟದ್ದು. ಸರಿ ಹೋಗಿಲ್ಲ."