ಮೊದಲು ಧಾಟಿ ಹಿಡಿಯಿರಿ

ಚಿತ್ರದುರ್ಗ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ನಾನು ದಾವಣಗೆರೆಯಲ್ಲಿ ಗಿಟಾರ್ ಕಲಿಸುವವನು. ಇವತ್ತು ಒಂದೇ ಒಂದು ಆಲ್ಬಮ್ ಬಗ್ಗೆ ಮಾತಾಡುತ್ತೇನೆ. ಅಮೆರಿಕದ ಲಾಸ್ ಏಂಜಲೀಸ್‌ನ ವೀಜರ್ ಎಂಬ ರಾಕ್ ತಂಡ 1994ರ ಮೇ ತಿಂಗಳಲ್ಲಿ ತಂದ ಮೊದಲ ಆಲ್ಬಮ್ ಇದು. ಆಲ್ಬಮ್ ಹೆಸರೂ ವೀಜರ್ ಎಂದೇ. ಮುಖಪುಟದಲ್ಲಿ ನೀಲಿ ಬಣ್ಣದ ಮುಂದೆ ನಾಲ್ಕು ಹುಡುಗರು ಸುಮ್ನೆ ನಿಂತಿದ್ದಾರೆ. ಅದಕ್ಕೇ ಎಲ್ಲರೂ ಬ್ಲೂ ಆಲ್ಬಮ್ ಎನ್ನುತ್ತಾರೆ.

ರಾಕ್ ಎಂದ ಕೂಡಲೇ ರೇಡಿಯೊ ಬಂದ್ ಮಾಡಲು ಹೊರಟಿರಿ, ಅಲ್ವಾ? ಸ್ವಲ್ಪ ತಾಳಿ. ಬರೀ ಗಲಾಟೆ, ಇಂಗ್ಲಿಷ್ ಅರ್ಥ ಆಗಲ್ಲ ಎಂಬ ಮಾತು ಕೇಳಿ ಕೇಳಿ ನನಗೂ ಸಾಕಾಗಿದೆ. ಪದ ಆಮೇಲೆ. ಗಲಾಟೆಯೂ ಆಮೇಲೆ. ಮೊದಲು ಧಾಟಿ ಹಿಡಿಯಿರಿ.

ಇದಕ್ಕೊಂದು ಪ್ರಸಂಗ ಹೇಳಲೇಬೇಕು. 1990ರ ದಶಕದ ಕೊನೆಯಲ್ಲಿ ನಮ್ಮ ಪಿ.ಜೆ. ಬಡಾವಣೆಯ ಒಂದು ಕಂಪ್ಯೂಟರ್ ಸೆಂಟರ್‌ಗೆ ನಾವು ಹುಡುಗರೆಲ್ಲ ಹೋಗುತ್ತಿದ್ದೆವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಅಲ್ಲಿ ವಿಂಡೋಸ್ 95 ಸಿಡಿ ಇತ್ತು. ಮೈಕ್ರೋಸಾಫ್ಟ್‌ನವರು ಆ ಸಿಡಿಯಲ್ಲೇ ಈ ಆಲ್ಬಮ್‌ನ 'ಬಡ್ಡಿ ಹಾಲಿ' ಹಾಡಿನ ವಿಡಿಯೊ ಹಾಕಿದ್ದರು. ಸ್ಪೈಕ್ ಜೋನ್ಸ್ ನಿರ್ದೇಶನ. ಹಳೆಯ ಟಿವಿ ಧಾರಾವಾಹಿಯೊಂದರ ಹೋಟೆಲಿನಲ್ಲಿ ತಂಡದವರು ಹಾಡುತ್ತಿರುವ ಹಾಗೆ, ಹಳೆ ದೃಶ್ಯ ಹೊಸ ದೃಶ್ಯ ಬೆಸೆದಿದ್ದಾರೆ. ಪರದೆಯ ಮೇಲೆ ಬೆಂಕಿಪೊಟ್ಟಣದಷ್ಟು ಚಿತ್ರ. ಮೇಜಿನ ಮೇಲೆ ಎರಡು ಪುಟ್ಟ ಸ್ಪೀಕರ್. ಸರ್ ಆಚೆ ಹೋದರೆ ಸಾಕು, ಯಾರಾದರೊಬ್ಬರು ಅದನ್ನೇ ಹಾಕುತ್ತಿದ್ದರು.

ಬಾಗಿಲ ಬಳಿ ಸ್ಟೂಲಿನ ಮೇಲೆ ಕಾವಲಿನ ಅಜ್ಜಾರು ಕೂರುತ್ತಿದ್ದರು. ಶ್ರಾವಣದಲ್ಲಿ ಗುಡಿಯ ಭಜನೆಗೆ ತಾಳ ಹಾಕುವವರು. ಇಂಗ್ಲಿಷಿನ ಒಂದಕ್ಷರ ಬಾರದು. ಒಂದು ಸಂಜೆ ಬೀಗ ಹಾಕುತ್ತಾ ಆ ಹಾಡಿನ ಪಲ್ಲವಿಯನ್ನು ಗುನುಗುತ್ತಿದ್ದರು! ಪದ ಇಲ್ಲ, ಬರೀ ಸ್ವರ. 'ಊ ಊ' ಎಂದು ಎಳೆಯುವ ಜಾಗದಲ್ಲಿ ಕೀಲಿ ತಿರುಗಿಸುವುದನ್ನು ನಿಲ್ಲಿಸಿ, ಆ ಎಳೆತ ಮುಗಿಸಿಯೇ ಮುಂದೆ ಹೋದರು. 'ಅಜ್ಜಾ, ಇದು ಯಾವ ಹಾಡು ಗೊತ್ತಾ?' ಎಂದೆ. 'ಯಾವುದಾದ್ರೇನಪ್ಪಾ, ಧಾಟಿ ಚೆನ್ನಾಗೈತಿ' ಎಂದರು.

ಅಷ್ಟೇ ನೋಡಿ ನಾನು ಹೇಳಬೇಕಾದ್ದು. ಇಂಥ ಧಾಟಿ ಕಟ್ಟುವುದು ಗಿಟಾರ್‌ನಲ್ಲಿ ಬೆರಳು ಓಡಿಸುವುದಕ್ಕಿಂತ ಕಷ್ಟ. ಕಿವಿಗೆ ಅಂಟುವ ಹಾಡೆಂದರೆ ಹಗುರ ಹಾಡು ಎನ್ನುವವರ ಜೊತೆ ನಾನು ವಾದಕ್ಕೆ ಸಿದ್ಧ. ಈ ಹಾಡು ಬರೆದ, ತಂಡದ ಹಾಡುಗಾರ ರಿವರ್ಸ್ ಕ್ವೋಮೊ ಕೂಡ ಇದನ್ನು ಆಲ್ಬಮ್‌ಗೆ ಸೇರಿಸಲು ಹಿಂದೆ ಮುಂದೆ ನೋಡಿದ್ದ. ನಿರ್ಮಾಪಕ ರಿಕ್ ಒಕಾಸೆಕ್ ಬಿಡಲಿಲ್ಲ. ಮೊದಲು ರೆಕಾರ್ಡ್ ಮಾಡು, ಹಿಡಿಸದಿದ್ದರೆ ಬಿಟ್ಟರಾಯಿತು ಎಂದು ಒಪ್ಪಿಸಿದ. ಒಕಾಸೆಕ್ 'ದಿ ಕಾರ್ಸ್' ಎಂಬ ರಾಕ್ ತಂಡದ ಹಾಡುಗಾರನಾಗಿದ್ದ. ಧಾಟಿಯ ಬೆಲೆ ಬಲ್ಲವನಾಗಿದ್ದ.

ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊದಲ್ಲಿ, ಅಂದರೆ ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಟ್ಟಿಸಿದ ಸ್ಟುಡಿಯೊ. ಅಲ್ಲಿ ಒಕಾಸೆಕ್ ಇನ್ನೊಂದು ಕೆಲಸ ಮಾಡಿಸಿದ. ಗಿಟಾರ್‌ನ ಕುತ್ತಿಗೆಯ ಕಡೆಯ ಪಿಕಪ್ ಬಿಟ್ಟು ಬ್ರಿಡ್ಜ್ ಕಡೆಯ ಪಿಕಪ್ ಬಳಸಿ ಎಂದ. ಪಿಕಪ್ ಅಂದರೆ ಎಲೆಕ್ಟ್ರಿಕ್ ಗಿಟಾರ್ ಮೈಮೇಲೆ ತಂತಿಯ ನಾದ ಹಿಡಿಯುವ ಭಾಗ, ಬ್ರಿಡ್ಜ್ ಅಂದರೆ ತಂತಿಗಳು ಕೆಳತುದಿಯಲ್ಲಿ ಕೂರುವ ಪಟ್ಟಿ. ಕುತ್ತಿಗೆ ಕಡೆ ನಾದ ದಪ್ಪ, ಮಂದ. ಬ್ರಿಡ್ಜ್ ಕಡೆ ಚುರುಕು. ಎಲೆಕ್ಟ್ರಿಕ್ ಗಿಟಾರ್ ಇರುವವರು ಇವತ್ತೇ ಪಿಕಪ್ ಸ್ವಿಚ್ ಬದಲಿಸಿ ಕೇಳಿ. ಈ ಆಲ್ಬಮ್ಮಿನಲ್ಲಿ ಗಿಟಾರ್ ಎಷ್ಟೇ ಗುಡುಗಿದರೂ ಹಾಡುವ ದನಿ ಮುಚ್ಚಿಹೋಗುವುದಿಲ್ಲ. ಧಾಟಿ ಮೇಲೇ ಇರುತ್ತದೆ.

ಪ್ರಸಂಗದಲ್ಲೇ ಸಮಯ ಜಾಸ್ತಿ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. 'ಸೇ ಇಟ್ ಏಂಟ್ ಸೋ' ಹಾಡನ್ನು ಖಂಡಿತ ಕೇಳಿ. ಫ್ರಿಜ್‌ನಲ್ಲಿ ಬಿಯರ್ ಬಾಟಲಿ ಕಂಡು, ಮನೆಯಲ್ಲಿ ಮತ್ತೆ ಕುಡಿತ ಶುರುವಾಯಿತೇ ಎಂದು ಹೆದರಿದ ಹುಡುಗನ ಹಾಡು. ಮೆಲ್ಲಗೆ ಶುರುವಾಗಿ ಪಲ್ಲವಿಯಲ್ಲಿ ಸಿಡಿಯುತ್ತದೆ. ಸಂಗತಿ ಅಷ್ಟು ಭಾರ, ಆದರೂ ಒಮ್ಮೆ ಕೇಳಿದರೆ ಬಾಯಿಗೆ ಬರುತ್ತದೆ. 'ಇನ್ ದ ಗರಾಜ್' ಒಂಟಿ ಹುಡುಗ ತನ್ನ ಮೂಲೆಯಲ್ಲಿ ಗಿಟಾರ್ ನುಡಿಸುವ ಹಾಡು. ನನ್ನ ವಿದ್ಯಾರ್ಥಿಗಳಿಗೆ ಅದೆಂದರೆ ಪ್ರಾಣ. ಕೊನೆಯ 'ಓನ್ಲಿ ಇನ್ ಡ್ರೀಮ್ಸ್' ಹತ್ತಿರ ಹತ್ತಿರ 8 ನಿಮಿಷ. ಅದರಲ್ಲಿ ತಗ್ಗು ಸ್ವರ ನುಡಿಸುವ ಬೇಸ್ ಗಿಟಾರ್ ಬಿಟ್ಟು ಬೇರೆ ಕಡೆ ಗಮನ ಕೊಡಬೇಡಿ.

ಒಟ್ಟು 10 ಹಾಡು, ಮುಕ್ಕಾಲು ಗಂಟೆಯೂ ಇಲ್ಲ. ಮನೆಯ ಹುಡುಗರ ಮೊಬೈಲಿನಲ್ಲಿ ಹುಡುಕಿಸಿ. ಅವರ ಜೊತೆ ಕೂತು ಕೇಳಿ. ಪದಗಳನ್ನು ಅವರನ್ನೇ ಕೇಳಿ ತಿಳಿದುಕೊಳ್ಳಿ, ಅದಕ್ಕೇನೂ ಅವಸರ ಇಲ್ಲ. ಮೊದಲು ಧಾಟಿ ಹಿಡಿಯಿರಿ. ನಮಸ್ಕಾರ.