ಹಾಳೆಯಲ್ಲಿ ಬೀದರ್ ಕೋಟೆ: ಕಾಗದದ ವಾರ್‌ಗೇಮ್

[ದೃಶ್ಯ: ಮೇಜಿನ ಮೇಲೆ ಒಂದು ಬುರುಜು. ಒಂದು ಬೆರಳು ಬಂದು ಒತ್ತುತ್ತದೆ. ಗೋಡೆ ಒಳಗೆ ಬಗ್ಗುತ್ತದೆ.]

ನಮಸ್ಕಾರ, ಕಲಬುರಗಿಯಿಂದ. ನೋಡಿದಿರಲ್ಲ, ಇದು ಕಲ್ಲೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಪ್ರಿಂಟ್ ಹಾಕಿಸಿ, ಕತ್ತರಿಸಿ, ಅಂಟಿಸಿದ ಕಾಗದ. ಇದರ ಸುತ್ತ ನಾವು ಯುದ್ಧ ಆಡುತ್ತೇವೆ.

ವಾರ್‌ಗೇಮ್ ಗೊತ್ತಿಲ್ಲದವರಿಗೆ ಎರಡೇ ಮಾತು. ಮೇಜೇ ರಣರಂಗ. ದಂಡು ಎಷ್ಟು ದೂರ ನಡೆಯಬಹುದು ಅನ್ನೋದನ್ನು ಟೇಪು ಹಿಡಿದು ಅಳೆಯಬೇಕು. ಏಟು ಬಿತ್ತೋ ಇಲ್ಲವೋ, ದಾಳ ಹೇಳುತ್ತದೆ. ಸೈನಿಕರ ಪುಟ್ಟ ಬೊಂಬೆಗಳಿಗೆ ಮಿನಿಯೇಚರ್ ಅಂತಾರೆ. 28 ಮಿಲಿಮೀಟರ್ ಅಳತೆಯವು ತುಂಬಾ ಬಳಕೆಯಲ್ಲಿವೆ. ಲೋಹದ್ದೋ ಪ್ಲಾಸ್ಟಿಕ್ಕಿನದೋ ಕೊಂಡರೆ ಬಣ್ಣ ಸಾಮಾನ್ಯವಾಗಿ ನೀವೇ ಬಳಿಯಬೇಕು. ಒಂದು ಸೈನ್ಯ ಕೂಡಿಸುವಷ್ಟರಲ್ಲಿ ಜೇಬು ಖಾಲಿ.

ಆದರೆ ನನಗೆ ದುಡ್ಡು ಎರಡನೇ ಕಾರಣ. ನೆಪೋಲಿಯನ್ನನ ಸೈನ್ಯ ಬೇಕಾ? ಎಷ್ಟೋ ಕಂಪನಿಗಳು ಮಾರುತ್ತವೆ. ಬಹಮನಿ ಸವಾರ ಬೇಕು, ಬೀದರ್ ಕೋಟೆ ಬೇಕು ಅನ್ನಿ ನೋಡೋಣ! ಬಹಮನಿ ಅಂದರೆ 1347ರಲ್ಲಿ ಹುಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ರಾಜ್ಯ. ಆಮೇಲೆ ಬೀದರಿಗೆ ಹೋಯಿತು. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್‌ಗಾಗಿ ವಿಜಯನಗರದ ಜೊತೆ ಮತ್ತೆ ಮತ್ತೆ ಕಾದಾಡಿತು. ಆ ಯುದ್ಧ ನಮ್ಮ ಮೇಜಿಗೆ ಬರಬೇಕಾದರೆ ನಾವೇ ಬಿಡಿಸಿಕೊಳ್ಳಬೇಕು. ಕಾಗದ ಇರೋದು ಅದಕ್ಕೇ. ಇದೇನು ಹೊಸ ಹುಚ್ಚಲ್ಲ. ಸ್ಟ್ರಾಸ್‌ಬರ್ಗ್ ಅನ್ನೋ ಫ್ರಾನ್ಸಿನ ಊರಿನಲ್ಲಿ 18ನೇ ಶತಮಾನದಲ್ಲೇ ಹಾಳೆ ಮೇಲೆ ಸೈನಿಕರನ್ನು ಅಚ್ಚು ಹಾಕುತ್ತಿದ್ದರು.

[ದೃಶ್ಯ: ಬೀದರ್ ಕೋಟೆಯ ಗೋಡೆ, ಕಂದಕ.]

ಮೊದಲು ಗೋಡೆ. ಬೀದರಿಗೆ ಹೋದಾಗ ಕೋಟೆ ಗೋಡೆಯ ಎದುರು ನೇರ ನಿಂತು ಫೋಟೋ ತೆಗೆಯಿರಿ. ಮೋಡ ಇದ್ದರೆ ಒಳ್ಳೆಯದು, ನೆರಳು ಬೀಳಲ್ಲ. ಆ ಫೋಟೋನೇ ನಿಮ್ಮ ಗೋಡೆಯ ಮೈ. ಇಂಥ ಕಲ್ಲಿನ ಮೈಯನ್ನು ಕುಂಚದಲ್ಲಿ ತರೋದು ಕಷ್ಟ. ಇಲ್ಲಿ ಕಾಗದವೇ ಗೆಲ್ಲುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಅಳತೆಗೆ ಬಂದರೆ ಮೋಸ ಮಾಡಲೇಬೇಕು. 28 ಮಿಲಿಮೀಟರ್ ಬೊಂಬೆ ಅಂದರೆ ಸುಮಾರು 1:60. ಒಂದು ಕಿಲೋಮೀಟರ್ ಗೋಡೆಯನ್ನು ಹಾಗೇ ಇಳಿಸಿದರೂ ಹತ್ತಿರ ಹತ್ತಿರ 17 ಮೀಟರ್ ಆಗುತ್ತದೆ. ಯಾರ ಪಡಸಾಲೆಯಲ್ಲಿ ಹಿಡಿಸುತ್ತೆ? ಅದಕ್ಕೇ ಎತ್ತರವನ್ನು ಬೊಂಬೆಗೆ ಒಪ್ಪುವ ಹಾಗೆ ಇಟ್ಟು, ಉದ್ದವನ್ನು ಧೈರ್ಯವಾಗಿ ಕತ್ತರಿಸಿ. ಒಂದು ದ್ವಾರ, ಎರಡು ಬುರುಜು, ನಡುವೆ ಒಂದಿಷ್ಟು ಗೋಡೆ. ಮುತ್ತಿಗೆ ಆಡಲು ಸಾಕು.

ಬುರುಜಿಗೆ ಎ4 ಹಾಳೆಯ ಲೆಕ್ಕ ಇದೆ. ಹಾಳೆ 29.7 ಸೆಂಟಿಮೀಟರ್ ಉದ್ದ, ಅಂಚಿನಲ್ಲಿ ಪ್ರಿಂಟರ್ ಸ್ವಲ್ಪ ಜಾಗ ಬಿಡುತ್ತದೆ. 8.5 ಸೆಂಟಿಮೀಟರ್ ಅಗಲದ ದುಂಡು ಬುರುಜಿನ ಸುತ್ತಳತೆ 26.7. ಅಂಟಿಸುವ ಪಟ್ಟಿಗೆ ಇನ್ನೊಂದು ಸೆಂಟಿಮೀಟರ್. ಒಂದೇ ಹಾಳೆಯಲ್ಲಿ ಮುಗಿಯಿತು. 10 ಸೆಂಟಿಮೀಟರ್ ಮಾಡಿದರೆ ಎರಡು ಹಾಳೆ ಬೇಕು, ಬೆಸುಗೆ ಎರಡು ಕಡೆ ಕಾಣುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ 200 ಜಿಎಸ್ಎಂನ ದಪ್ಪ ಹಾಳೆ ಕೇಳಿ. ‘ಫಿಟ್ ಟು ಪೇಜ್’ ಬೇಡ, ಅಳತೆ ನೂರಕ್ಕೆ ನೂರು ಇರಲಿ ಅಂತ ಹೇಳಿ. ಲೇಸರ್ ಪ್ರಿಂಟ್ ಆದರೆ ಅಂಟಿನ ತೇವಕ್ಕೆ ಬಣ್ಣ ಕದಡಲ್ಲ.

[ದೃಶ್ಯ: ಕೈಗಳು ಮಾತ್ರ. ಸ್ಕೇಲ್, ಪೆನ್, ಮಡಿಕೆ.]

ಮಡಿಸುವ ಮುಂಚೆ ಇಂಕು ಮುಗಿದ ಬಾಲ್ ಪೆನ್ನಿನಿಂದ ಗೆರೆ ಒತ್ತಿ. ಇಷ್ಟು ಮಾಡದಿದ್ದರೆ ಮೂಲೆಗಳು ಮೊಂಡಾಗುತ್ತವೆ. ಕತ್ತರಿಸಿದ ಬಿಳಿ ಅಂಚಿಗೆ ಸ್ಕೆಚ್ ಪೆನ್ ಎಳೆಯಿರಿ. ಫೆವಿಕಾಲನ್ನು ಕಡ್ಡಿಯ ತುದಿಯಲ್ಲಿ ತೆಳ್ಳಗೆ ಹಚ್ಚಿ, ಜಾಸ್ತಿಯಾದರೆ ಅದರ ನೀರಿಗೇ ಹಾಳೆ ಸೊಟ್ಟಗಾಗುತ್ತದೆ. ಗೋಡೆ ಆರುವ ತನಕ ಮೇಲೊಂದು ಶಹಾಬಾದ್ ಕಲ್ಲಿನ ತುಂಡು ಇಡಿ. ನಮ್ಮ ಕಡೆ ಅದಕ್ಕೇನು ಬರವೇ?

ಇನ್ನು ಕಂದಕ. ಬೀದರಿನಲ್ಲಿ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ ಇದೆ. ಮೇಜನ್ನು ಕಡಿಯೋಕಾಗಲ್ಲ ಅಲ್ವಾ? ಮೇಜಿಗೆಲ್ಲ ಥರ್ಮಾಕೋಲ್ ಹಾಸಿ, ಕಂದಕದ ಜಾಗವನ್ನಷ್ಟೇ ಕತ್ತರಿಸಿ ತೆಗೆಯಿರಿ. ಒಳಗೋಡೆಗೆ ಕೆಂಪು ಜಂಬಿಟ್ಟಿಗೆಯ ಫೋಟೋ ಅಂಟಿಸಿ. ಆಟ ಬದಲಾಗುವುದು ಇಲ್ಲೇ. ಏಣಿ ತಂದವನು ಒಂದಲ್ಲ, ಮೂರು ಸಲ ಇಳಿದು ಹತ್ತಬೇಕು. ಅಷ್ಟೂ ಹೊತ್ತು ಬುರುಜಿನ ಮೇಲಿನವನು ದಾಳ ಉರುಳಿಸುತ್ತಲೇ ಇರುತ್ತಾನೆ.

ಸೈನಿಕರ ವಿಷಯದಲ್ಲಿ ನಾನು ಕಾಗದವನ್ನು ಅಷ್ಟು ಹೊಗಳಲ್ಲ. ಮುಂದೆ, ಹಿಂದೆ ಎರಡು ಚಿತ್ರ ಬೆನ್ನಿಗೆ ಬೆನ್ನು ಅಂಟಿಸಿದರೆ ಎದುರಿನಿಂದ ಚೆಂದ. ಪಕ್ಕದಿಂದ ಬರೀ ಒಂದು ಗೆರೆ. ಒಬ್ಬೊಬ್ಬನನ್ನೇ ನಿಲ್ಲಿಸಿದರೆ ಬಡಕಲಾಗಿ ಕಾಣುತ್ತಾನೆ. ಒಂದೇ ತಳದ ಮೇಲೆ ಎರಡು ಸಾಲು ಒತ್ತೊತ್ತಾಗಿ ನಿಲ್ಲಿಸಿ, ಆಗ ದಂಡು ಅನ್ನಿಸುತ್ತದೆ. ಸೇನಾಪತಿ ಒಬ್ಬನನ್ನು ಲೋಹದಲ್ಲೇ ಕೊಳ್ಳಿ ಅಂತೀನಿ ನಾನು.

[ದೃಶ್ಯ: ಫ್ಯಾನ್ ಹಾಕಿದ ತಕ್ಷಣ ಒಂದು ಸಾಲು ಪೂರ್ತಿ ಮಗುಚುತ್ತದೆ.]

ಕಾಗದದ ದೊಡ್ಡ ಶತ್ರು ವಿಜಯನಗರ ಅಲ್ಲ, ಸೀಲಿಂಗ್ ಫ್ಯಾನು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಫ್ಯಾನ್ ಆರಿಸಿ ಆಡಿ ಅಂತ ಹೇಳಿದರೆ ನೀವು ಈ ಚಾನೆಲ್ಲೇ ಬಿಟ್ಟು ಹೋಗುತ್ತೀರಿ. ತಳದ ಅಡಿಗೆ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ವಾಷರ್ ಅಂಟಿಸಿ, ಆ ಭಾರಕ್ಕೆ ಸುಲಭವಾಗಿ ಮಗುಚಲ್ಲ. ಡಬ್ಬಿಯ ಒಳಗೆ ಅಯಸ್ಕಾಂತದ ಹಾಳೆ ಹಾಸಿಟ್ಟರೆ ಗೆಳೆಯರ ಮನೆಗೆ ಒಯ್ಯುವಾಗಲೂ ದಂಡು ಅಲುಗಲ್ಲ. ಬುರುಜು, ದ್ವಾರದ ಹಾಳೆಗಳು ವಿಡಿಯೋ ಕೆಳಗೆ ಇವೆ. ಆನೆ ಇನ್ನೂ ಬಿಡಿಸುತ್ತಿದ್ದೇನೆ, ಸೊಂಡಿಲ ಹತ್ತಿರ ಮಡಿಕೆ ಸರಿಯಾಗಿ ಕೂರುತ್ತಿಲ್ಲ.